ಪಕ್ಕದ ಮನೆಯ ಬೀಗದ ಕೈ

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಉತ್ತರಿಸುತ್ತೇನೆ. ದಾವಣಗೆರೆಯಿಂದ ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ಗೆ ಬಂದು ಮೂರೇ ವಾರ, ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವನ ಸೊಂಟದಲ್ಲಿ ಪಿಸ್ತೂಲು ಕಂಡು ಹಾಲಿನ ಡಬ್ಬವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ ಎಂದಿದ್ದೀಯ. ಇಂಥವರ ನಡುವೆ ಮಕ್ಕಳನ್ನು ಬೆಳೆಸುವುದು ಹೇಗೆ, ನಮ್ಮಂಥವರು ಬಂದು ನೆಲೆಸಿದ್ದರಿಂದ ಇವರೇನಾದರೂ ಬದಲಾಗಿದ್ದಾರೆಯೇ ಅಥವಾ ಕೊನೆಗೆ ನಾವೇ ಇವರಂತೆ ಆಗುತ್ತೇವೆಯೇ ಎಂದು ಕೇಳಿದ್ದೀಯ. ಎರಡೂ ಆಗುತ್ತದೆ. ನಾನು ಲೌಡನ್ ಕೌಂಟಿಗೆ, ಅಂದರೆ ನಿನ್ನ ಆಶ್‌ಬರ್ನ್ ಇರುವ ಈ ಜಿಲ್ಲೆಗೆ, ಬಂದು ಇಪ್ಪತ್ತು ವರ್ಷ ದಾಟಿತು, ಎರಡನ್ನೂ ಕಣ್ಣಾರೆ ಕಂಡಿದ್ದೇನೆ.

ಮೊದಲು ಆ ಹಾಲಿನ ವಿಷಯ ಮುಗಿಸೋಣ. ವರ್ಜೀನಿಯಾದಲ್ಲಿ ಎದುರಿಗೆ ಕಾಣುವಂತೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲು ಪರವಾನಗಿ ಬೇಕಿಲ್ಲ, ಬಟ್ಟೆಯೊಳಗೆ ಮರೆಮಾಡಿಕೊಳ್ಳಲು ಬೇಕು. ನಮ್ಮ ಕಡೆ ಅಂಥವರು ಕಾಣಸಿಗುವುದು ಅಪರೂಪ. ಮುಂದಿನ ಸಲ ಕಂಡರೆ ದುಡ್ಡು ಕೊಟ್ಟು ಹಾಲು ತೆಗೆದುಕೊಂಡೇ ಬಾ.

ನಾನೇನು ಕೋವಿ ಕಾಣದೆ ಬೆಳೆದವಳಲ್ಲ. ಕೊಪ್ಪದ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಅಪ್ಪನ ಜೋಡಿನಳಿಗೆ ಕೋವಿ ಒಳಕೋಣೆಯ ಗೋಡೆಗೆ ಒರಗಿಕೊಂಡಿರುತ್ತಿತ್ತು. ತೋಟಾಗಳು ಮರದ ಪೆಟ್ಟಿಗೆಯಲ್ಲಿ, ಅದರ ಬೀಗದ ಕೈ ಅಮ್ಮನ ಸೆರಗಿನ ತುದಿಯಲ್ಲಿ. ಮಂಗಗಳನ್ನು ಓಡಿಸಲು ಆಕಾಶಕ್ಕೆ ಒಂದು ಈಡು ಹೊಡೆಯುವುದೇ ಅದರ ಕೆಲಸ. ಚುನಾವಣೆ ಘೋಷಣೆಯಾಯಿತೆಂದರೆ ಅಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಪೊಲೀಸ್ ಠಾಣೆಗೆ ಒಯ್ದು, ಠೇವಣಿ ಇಟ್ಟು ರಸೀದಿ ತರುತ್ತಿದ್ದರು. ಎಣಿಕೆ ಮುಗಿದು ಕೋವಿ ಮನೆಗೆ ಬರುವಷ್ಟರಲ್ಲಿ ಬಾಳೆಗೊನೆಗಳೆಲ್ಲ ಮಂಗಗಳ ಪಾಲಾಗಿರುತ್ತಿದ್ದವು. ಅಪ್ಪ ಬೈಯುತ್ತಿದ್ದರು, ಆದರೆ ಅದು ತಮ್ಮ ಹಕ್ಕು ಎಂದು ಒಮ್ಮೆಯೂ ಅಂದವರಲ್ಲ. ನಮ್ಮಲ್ಲಿ ಕೋವಿ ಎಂದರೆ ಸರ್ಕಾರದಿಂದ ಕಡ ತಂದ ವಸ್ತು. ಇಲ್ಲಿ ಅದು ಅಜ್ಜನಿಂದ ಬಂದ ಆಸ್ತಿ, 1791ರಿಂದ ಸಂವಿಧಾನದಲ್ಲಿ ಬರೆದಿಟ್ಟದ್ದು. ಈ ವ್ಯತ್ಯಾಸ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ನಾನು ಇವರೊಂದಿಗೆ ಮಾಡಿದ ವಾದವೆಲ್ಲ ದಂಡ.

ಇನ್ನು ನಿನ್ನ ಸ್ಥಿತಿ ನೋಡು. ವೀಸಾದ ಮೇಲೆ ಬಂದವಳಿಗೆ ಮತದಾನದ ಹಕ್ಕಿಲ್ಲ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ, ಅದು ಕೇಂದ್ರ ಕಾನೂನು. ನಿನ್ನ ಯಜಮಾನರ ಸಹೋದ್ಯೋಗಿಗಳು ಗುರಿ ಹೊಡೆಯೋಣ ಬಾ ಎಂದು ಶೂಟಿಂಗ್ ರೇಂಜಿಗೆ ಕರೆದರೆ ವಕೀಲರನ್ನು ಕೇಳದೆ ಹೋಗುವುದು ಬೇಡ ಎಂದು ಅವರಿಗೂ ಹೇಳು. ಕಾಯಂ ವಾಸದ ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತೀಯರು ಎಷ್ಟು ವರ್ಷ ನಿಲ್ಲಬೇಕೆಂಬುದು ನಿನಗೆ ಗೊತ್ತೇ ಇದೆ. ಅಲ್ಲಿಯವರೆಗೆ ನಿನ್ನ ಬಳಿ ಇರುವುದು ಒಂದು ಪ್ರಶ್ನೆ ಮಾತ್ರ.

ಆ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು 2009ರಲ್ಲಿ. ಪಕ್ಕದ ಮನೆಯ ಯಜಮಾನರು ಲೌಡನ್‌ನಲ್ಲೇ ಹುಟ್ಟಿದವರು. 1970ರಲ್ಲಿ ಈ ಕೌಂಟಿಯ ಜನಸಂಖ್ಯೆ ಸುಮಾರು 37,000, ಹೈನುಗಾರಿಕೆ ಮತ್ತು ಕುದುರೆಗಳ ಊರು. 2020ರ ಜನಗಣತಿಯಲ್ಲಿ ಅದು 4.2 ಲಕ್ಷ, ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ತಮ್ಮ ಊರು ತಮ್ಮ ಕಣ್ಣೆದುರೇ ಬೇರೆಯವರದಾಗುವುದನ್ನು ನೋಡಿದ ಮನುಷ್ಯ. ಅವರ ಮೊಮ್ಮಗನೂ ನನ್ನ ಮಗನೂ ಒಂದೇ ತರಗತಿ. ಆಡಲು ಕಳುಹಿಸಿ ಎಂದಾಗ ಬೇಲಿಯ ಈಚೆ ನಿಂತು, ಗಂಟಲು ಒಣಗಿ, ಕೇಳಿಯೇ ಬಿಟ್ಟೆ: ನಿಮ್ಮ ಮನೆಯಲ್ಲಿ ಬಂದೂಕಿದೆಯೇ, ಬೀಗ ಹಾಕಿದ್ದೀರಾ?

ಅವರ ಕಿವಿ ಕೆಂಪಾಯಿತು. ನಲವತ್ತು ವರ್ಷದಲ್ಲಿ ಯಾರೂ ತಮ್ಮನ್ನು ಹೀಗೆ ಕೇಳಿಲ್ಲ ಎಂದರು. ನಾನು ಅಪ್ಪನ ಕೋವಿಯ, ಅಮ್ಮನ ಸೆರಗಿನ ಕಥೆ ಹೇಳಿದೆ. ಅವರು ಏನೂ ಅನ್ನದೆ ಒಳಗೆ ಹೋದರು. ಸಂಬಂಧ ಕೆಟ್ಟಿತು ಎಂದುಕೊಂಡೆ. ಮಾರನೆಯ ಸಂಜೆ ನನ್ನನ್ನೂ ನನ್ನ ಯಜಮಾನರನ್ನೂ ಕರೆದು ನೆಲಮಾಳಿಗೆಗೆ ಕರೆದೊಯ್ದರು. ಕಬ್ಬಿಣದ ಬೀರು, ಒಳಗೆ ಐದು ಬಂದೂಕು, ದೊಡ್ಡ ಬೀಗ. ಬೀಗದ ಕೈ ಮಾತ್ರ ಬೀರುವಿನ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ನಾನು ಬಾಯಿ ಬಿಡಲಿಲ್ಲ, ಮೊಳೆಯನ್ನೇ ನೋಡುತ್ತಿದ್ದೆ. ಅವರೂ ನೋಡಿದರು. ಆಮೇಲೆ ಬೀಗದ ಕೈಯನ್ನು ತೆಗೆದು ತಮ್ಮ ಟ್ರಕ್ಕಿನ ಕೀಗೊಂಚಲಿಗೆ ಸೇರಿಸಿದರು. ಕೆಲವು ವರ್ಷಗಳ ನಂತರ, ಮೊಮ್ಮಗನ ಹೊಸ ಗೆಳೆಯನ ತಾಯಿಗೆ ಅವರೇ ಫೋನಿನಲ್ಲಿ, ಮನೆಯಲ್ಲಿ ಬಂದೂಕಿದೆ, ಬೀಗದ ಕೈ ನನ್ನ ಜೇಬಿನಲ್ಲಿದೆ ಎಂದು ಹೇಳುವುದನ್ನು ಕೇಳಿದೆ. ಈಗಲೂ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ. ನಾವು ತಿನ್ನುವುದಿಲ್ಲ ಎಂದು ಹದಿನೈದು ಸಲ ಹೇಳಿದರೂ ಮಾಂಸದ ಪೊಟ್ಟಣ ಬಾಗಿಲಿಗೆ ಬರುತ್ತದೆ, ಕಚೇರಿಯಲ್ಲಿ ಯಾರಿಗಾದರೂ ಕೊಡುತ್ತೇನೆ.

ಮತದ ಕಥೆ ಇದಕ್ಕಿಂತ ದೊಡ್ಡದು, ಪತ್ರಿಕೆಗಳಲ್ಲಿ ಬಂದದ್ದು. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ಸರ್ಕಾರಿ ಕಟ್ಟಡದಲ್ಲಿ 12 ಜನರ ಕೊಲೆಯಾಯಿತು. ಬಂದೂಕು ಕಾನೂನಿಗಾಗಿ ಗವರ್ನರ್ ರಾಲ್ಫ್ ನಾರ್ತಮ್ ಜುಲೈನಲ್ಲಿ ವಿಶೇಷ ಅಧಿವೇಶನ ಕರೆದರು. ಬಹುಮತವಿದ್ದ ರಿಪಬ್ಲಿಕನ್ನರು ಅದನ್ನು 90 ನಿಮಿಷದಲ್ಲಿ ಮುಂದೂಡಿ ಎದ್ದುಹೋದರು. ನನಗೆ ಪೌರತ್ವ ಸಿಕ್ಕಿದ್ದು ಆ ವರ್ಷವೇ, ನವೆಂಬರಿನಲ್ಲಿ ಹಾಕಿದ್ದು ಮೊದಲ ಮತ. ಶಾಸನಸಭೆಯ ಎರಡೂ ಸದನಗಳು ಡೆಮಾಕ್ರಟರ ಕೈ ಸೇರಿದವು. ಹೈದರಾಬಾದಿನಲ್ಲಿ ಹುಟ್ಟಿದ ಗಜಾಲಾ ಹಾಶ್ಮಿ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ, ನಮ್ಮ ಲೌಡನ್ ಕಡೆಯಿಂದ ಸುಹಾಸ್ ಸುಬ್ರಮಣ್ಯಂ ಕೆಳಮನೆಗೆ ಬಂದರು. 2020ರ ಜುಲೈ 1ರಿಂದ ಪ್ರತಿ ಮಾರಾಟಕ್ಕೂ ಹಿನ್ನೆಲೆ ತಪಾಸಣೆ, ತಿಂಗಳಿಗೆ ಒಂದೇ ಪಿಸ್ತೂಲಿನ ಖರೀದಿ, ಅಪಾಯಕಾರಿ ಎನಿಸಿದವರಿಂದ ನ್ಯಾಯಾಲಯದ ಆದೇಶದ ಮೇಲೆ ಬಂದೂಕು ವಶ, ಇವೆಲ್ಲ ಜಾರಿಗೆ ಬಂದವು. ಅದೂ ಬಂದೂಕಿನ ಹಕ್ಕಿಗಾಗಿ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘ, ಅಂದರೆ ಎನ್‌ಆರ್‌ಎ, ತನ್ನ ಕೇಂದ್ರ ಕಚೇರಿ ಇಟ್ಟುಕೊಂಡಿರುವ ರಾಜ್ಯದಲ್ಲಿ! ಆ ಗಾಜಿನ ಕಟ್ಟಡ ಇರುವುದು ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ. ಹಾಗೆಂದು ಇದನ್ನೆಲ್ಲ ನಾವೇ ಮಾಡಿದೆವು ಎಂದು ಬೀಗುವವರನ್ನು ನಂಬಬೇಡ. ನ್ಯೂಯಾರ್ಕ್, ನ್ಯೂಜೆರ್ಸಿಗಳಿಂದ ಕೆಲಸಕ್ಕೆ ಬಂದವರೂ ನಮ್ಮಷ್ಟೇ ಹೊಸಬರು, ಇಲ್ಲಿಯೇ ಹುಟ್ಟಿ ಬೇಸತ್ತ ತಾಯಂದಿರೂ ಇದ್ದರು.

ವಿರೋಧವೂ ಬಲವಾಗಿಯೇ ಇತ್ತು. ಗ್ರಾಮೀಣ ಕೌಂಟಿಗಳು ಒಂದರ ಹಿಂದೊಂದು ಈ ಕಾನೂನುಗಳ ವಿರುದ್ಧ ನಿರ್ಣಯ ಮಾಡಿದವು. 2020ರ ಜನವರಿ 20ರಂದು ರಾಜ್ಯದ ರಾಜಧಾನಿ ರಿಚ್‌ಮಂಡ್‌ನಲ್ಲಿ ಸುಮಾರು 22,000 ಜನ ಸೇರಿದರು, ಬಹಳ ಮಂದಿ ಬಂದೂಕು ಹಿಡಿದೇ ಬಂದಿದ್ದರು. ನನ್ನ ಪಕ್ಕದ ಮನೆಯವರೂ ಹೋಗಿದ್ದರು. ವಾಪಸು ಬಂದು, ನಿನ್ನ ಒಂದು ಮತದಿಂದಾಗಿ ಇಡೀ ದಿನ ಚಳಿಯಲ್ಲಿ ನಿಲ್ಲಬೇಕಾಯಿತು ಎಂದರು. ಕಾಫಿ ಮಾಡಿಕೊಟ್ಟೆ.

ಈಗ ನಿನ್ನ ಪ್ರಶ್ನೆಯ ಇನ್ನರ್ಧ. ನಮ್ಮವರೂ ಕೊಳ್ಳುತ್ತಾರೆ. ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತದೆಂದು ಕಳ್ಳರಿಗೆ ತಿಳಿದುಹೋಗಿದೆ, ಅದರ ಮೇಲೆ ಕೊರೋನಾ ಕಾಲದ ಭಯ ಬೇರೆ. ಒಂದು ಯುಗಾದಿ ಊಟದಲ್ಲಿ ಹುಬ್ಬಳ್ಳಿ ಕಡೆಯ ಪರಿಚಿತರೊಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ತಮ್ಮ ಮಂಚದ ಪಕ್ಕದ ಡ್ರಾಯರಿನಲ್ಲಿ ಈಗ ಒಂದು ಪಿಸ್ತೂಲಿದೆ ಎಂದರು. ನಾನು ಹಳೆಯ ಪ್ರಶ್ನೆಯನ್ನೇ ಕೇಳಿದೆ. "ಏನಕ್ಕಾ, ನಾವು ಓದಿದವರು" ಎಂದು ನಕ್ಕುಬಿಟ್ಟರು. ಒತ್ತಿ ಕೇಳಿದಾಗ ಮುಖ ಗಂಟಿಕ್ಕಿತು. ಆ ವರ್ಷ ದೀಪಾವಳಿಗೆ ಅವರ ಮನೆಯಿಂದ ಕರೆ ಬರಲಿಲ್ಲ. ಬೇಲಿಯಾಚೆಯ ಬೇಟೆಗಾರನನ್ನು ಕೇಳುವುದಕ್ಕಿಂತ ನಮ್ಮವರನ್ನು ಕೇಳುವುದೇ ಕಷ್ಟ. ಓದು, ಊರು, ವಲಸೆ ಯಾವುದೂ ಇದರಲ್ಲಿ ಗ್ಯಾರಂಟಿಯಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದವನು ಎಂಟನೇ ವಯಸ್ಸಿಗೆ ಕೊರಿಯಾದಿಂದ ಬಂದು ಇದೇ ಫೇರ್‌ಫ್ಯಾಕ್ಸ್‌ನಲ್ಲಿ ಬೆಳೆದವನು. ಸತ್ತವರಲ್ಲಿ ಭಾರತ ಮೂಲದ ಪ್ರಾಧ್ಯಾಪಕರೊಬ್ಬರೂ ಮುಂಬಯಿಯ ವಿದ್ಯಾರ್ಥಿನಿಯೊಬ್ಬಳೂ ಇದ್ದರು.

ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಎಂದು ನಿನ್ನ ಮಗಳಿಗೆ ಶಾಲೆಯಲ್ಲಿ ದೀಪ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸ ಮಾಡಿಸುತ್ತಾರೆ. ಅಂದು ಸಂಜೆ ಅವಳು ಏನು ಹೇಳುತ್ತಾಳೋ ಪೂರ್ತಿ ಕೇಳಿಸಿಕೋ, ಮಧ್ಯೆ ಬುದ್ಧಿ ಹೇಳಬೇಡ.

2021ರಲ್ಲಿ ಇಲ್ಲಿ ಇನ್ನೊಂದು ಕಾನೂನು ಬಂತು, ಮತಗಟ್ಟೆಯಿಂದ 40 ಅಡಿಯೊಳಗೆ ಬಂದೂಕು ತರುವಂತಿಲ್ಲ. ಆ ವರ್ಷದ ಚುನಾವಣೆಯ ಹಿಂದಿನ ದಿನ ಪಕ್ಕದ ಮನೆಯವರು ಬೇಲಿಯ ಬಳಿ ಬಂದು, ಟ್ರಕ್ಕನ್ನು ಎಷ್ಟು ದೂರ ನಿಲ್ಲಿಸಬೇಕು ಎಂದು ಗೊಣಗಿದರು. ನಲವತ್ತು ಅಡಿಗೇ ಹೀಗೆ ಗೊಣಗುತ್ತೀರಲ್ಲ ಎಂದು ಅಪ್ಪನ ಪಂಚೆ, ಬಸ್ಸು, ರಸೀದಿಯ ಕಥೆ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ.

"ವಾಪಸು ಕೊಡುತ್ತಿದ್ದರೇ?" ಎಂದರು.

"ಕೊಡುತ್ತಿದ್ದರು, ಸ್ವಲ್ಪ ತುಕ್ಕು ಹಿಡಿಸಿ" ಎಂದೆ.

ಶನಿವಾರ ಮಕ್ಕಳನ್ನು ಕರೆದುಕೊಂಡು ಊಟಕ್ಕೆ ಬಾ, ಕಡುಬು ಮಾಡುತ್ತೇನೆ. ನಮ್ಮ ಮನೆಯಲ್ಲಿ ಬಂದೂಕಿಲ್ಲ, ಪಕ್ಕದ ಮನೆಯಲ್ಲಿ ಐದಿವೆ. ಬಂದ ಮೇಲೆ ಬೇಲಿಯ ಬಳಿ ಹೋಗಿ ನೀನೇ ಒಮ್ಮೆ ಕೇಳಿ ನೋಡು.