ಬಿಸಿಲೂರಿನ ಹಿರಿಯರಿಗೆ ಸೆಕೆ ಏಕೆ ತಿಳಿಯುವುದಿಲ್ಲ?

ಪ್ರಶ್ನೆ: ನನ್ನ ತಾಯಿಗೆ 76 ವರ್ಷ. ಮೇ ತಿಂಗಳ ಮಧ್ಯಾಹ್ನ ಮನೆಮಂದಿಯೆಲ್ಲ ಬೆವರಿನಲ್ಲಿ ತೊಯ್ದಿದ್ದರೂ ಅವರು ಫ್ಯಾನ್ ಆರಿಸಿ ಮಲಗುತ್ತಾರೆ, ರಾತ್ರಿ ಕೌದಿ ಹೊದೆಯುತ್ತಾರೆ. ಕೇಳಿದರೆ ‘ನನಗೇನ್ ಶಕಿ ಆಗಂಗಿಲ್ಲ’ ಎನ್ನುತ್ತಾರೆ. ನೀರು ಕೊಟ್ಟರೆ ಬಾಯಾರಿಕೆ ಇಲ್ಲವೆನ್ನುತ್ತಾರೆ. ಚಳಿಗಾಲದಲ್ಲೂ ನಸುಕಿಗೇ ತಣ್ಣೀರಿನ ಸ್ನಾನ. ರಕ್ತದೊತ್ತಡಕ್ಕೂ ಕಾಲುಬಾವಿಗೂ ಮಾತ್ರೆ ನಡೆಯುತ್ತಿದೆ. ಹುಟ್ಟಿದಾಗಿನಿಂದ ಇಲ್ಲಿಯ ಬಿಸಿಲು ಕಂಡವರಿಗೆ ಎಲ್ಲವೂ ಒಗ್ಗಿರುತ್ತದೆಂದು ಸುಮ್ಮನಿರಬಹುದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸುಮ್ಮನಿರಬೇಡಿ. ಅವರು ಹಟಕ್ಕೆ ಹಾಗೆ ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಸೆಕೆ ಅನ್ನಿಸುತ್ತಿಲ್ಲ, ಅಪಾಯವಿರುವುದೂ ಅಲ್ಲಿಯೇ. ವಯಸ್ಸಾದಂತೆ ಬಿಸಿ, ತಂಪುಗಳ ಅರಿವು ಮಂದವಾಗುತ್ತದೆ, ಮೈಯಲ್ಲಿ ನೀರು ಇಳಿದಿದ್ದರೂ ತಕ್ಕಷ್ಟು ಬಾಯಾರಿಕೆಯಾಗುವುದಿಲ್ಲ. ಬೆವರು ತಗ್ಗುತ್ತದೆ, ಒಳಗಿನ ಕಾವನ್ನು ಚರ್ಮದವರೆಗೆ ತಂದು ಹೊರಹಾಕಲು ಹೃದಯ ಹೆಚ್ಚು ರಕ್ತ ಹರಿಸಬೇಕಾಗುತ್ತದೆ, ಆ ಸಾಮರ್ಥ್ಯವೂ ಕುಗ್ಗಿರುತ್ತದೆ. ಬಿಸಿಲಿಗೆ ಮೈ ಒಗ್ಗುವುದು ನಿಜವೇ ಆದರೂ, ಅದು ಒಂದೆರಡು ವಾರಗಳಲ್ಲಿ ಬಂದು, ಬಿಸಿಲು ಹೋದ ಕೆಲವು ವಾರಗಳಲ್ಲಿ ಕಳೆದುಹೋಗುವಂಥದು. ಪ್ರಾಯದಲ್ಲಿ ಹೊಲದ ಕೆಲಸ ಮಾಡಿದ್ದೆಂಬುದು 76ನೆಯ ವಯಸ್ಸಿಗೆ ರಕ್ಷಣೆಯಾಗಲಾರದು. 2003ರ ಆಗಸ್ಟ್‌ನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಯಿಂದ ಸುಮಾರು 15,000 ಜನ ತೀರಿಕೊಂಡಾಗ ಅವರಲ್ಲಿ ಹೆಚ್ಚಿನವರು 75 ದಾಟಿದವರಾಗಿದ್ದರು, ಎಷ್ಟೋ ಮಂದಿ ಹೊರಗೆ ಬಿಸಿಲಿಗೆ ಹೋಗದೆ ಮನೆಯೊಳಗೇ ಇದ್ದವರು.

ಆದ್ದರಿಂದ ‘ಸೆಕೆ ಆಗುತ್ತಿದೆಯೇ’ ಎಂದು ಕೇಳುವುದನ್ನು ಬಿಟ್ಟು, ಅವರ ಕೋಣೆಯ ಗೋಡೆಗೆ ಒಂದು ತಾಪಮಾಪಕ ತೂಗುಹಾಕಿ, ಅದನ್ನೂ ಗಡಿಯಾರವನ್ನೂ ನೋಡಿ ನಡೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ; ತಾಯಿಯವರ ಗುಡಿ, ಸಂತೆಗಳೆಲ್ಲ ಅದಕ್ಕೂ ಮೊದಲೇ, ಹತ್ತರೊಳಗೆ ಮುಗಿಯಲಿ. ನೀರು, ಉಪ್ಪಿಲ್ಲದ ಮಜ್ಜಿಗೆಯನ್ನು ಕೇಳುವ ಮೊದಲೇ, ಸ್ವಲ್ಪಸ್ವಲ್ಪವಾಗಿ ಕೈಗೆ ಕೊಡುತ್ತಿರಿ. ಆದರೆ ಕಾಲುಬಾವಿದೆಯೆಂದಿರುವುದರಿಂದ ದಿನಕ್ಕೆ ಎಷ್ಟು ನೀರು ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಬಾವಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ಬೇಸಿಗೆಯಲ್ಲಿ ಮೈಯ ನೀರನ್ನೂ ಲವಣವನ್ನೂ ಮತ್ತಷ್ಟು ಇಳಿಸುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಹೃದಯದ ವೇಗ ಏರದಂತೆ ತಡೆಯುತ್ತವೆ. ನೀವಾಗಿ ಯಾವುದನ್ನೂ ನಿಲ್ಲಿಸದೆ, ಮಾರ್ಚ್‌ನಲ್ಲೇ ಮಾತ್ರೆಗಳ ಚೀಟಿಯೊಂದಿಗೆ ವೈದ್ಯರನ್ನು ಕಂಡು, ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ಕೇಳಿ.

ಫ್ಯಾನಿನ ವಿಷಯದಲ್ಲಿ ನಿಮ್ಮ ತಾಯಿಯ ಮಾತಿನಲ್ಲೂ ಹುರುಳಿದೆ. ತಾಪಮಾನ 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬೀಸುವುದು ಬಿಸಿಗಾಳಿಯನ್ನೇ; ಬೆವರದ ಮೈಗೆ ಅದು ಕಾವನ್ನೇ ಕೂಡಿಸುತ್ತದೆ. ಕತ್ತು, ತೋಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಗಾಳಿ ಹಾಕಿದರೆ ಆ ನೀರೇ ಬೆವರಿನ ಕೆಲಸ ಮಾಡುತ್ತದೆ. ನಿಮ್ಮೂರಿನ ಒಣ ಹವೆಯಲ್ಲಿ ಕೂಲರ್ ಚೆನ್ನಾಗಿ ನಡೆಯುತ್ತದೆ, ಕಿಟಕಿ ಸ್ವಲ್ಪ ತೆರೆದಿರಬೇಕು. ಮಂಗಳೂರಿನ ಜಿಗುಟು ಸೆಕೆಗೆ ಅದು ಅಷ್ಟಾಗಿ ಒದಗದು. ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರು ಈಗ ಆರ್‌ಸಿಸಿ ಸೂರಿನ ಕೆಳಗೆ ಮಲಗುತ್ತಿದ್ದಾರೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿಯೂ ಕಾವು ಬಿಡುವುದರಿಂದ ಅವರ ಹಾಸಿಗೆ ಮೇಲಂತಸ್ತಿನಲ್ಲಿದ್ದರೆ ಕೆಳಗೆ ತನ್ನಿ.

ಮಾತು ತೊದಲಿದರೆ, ಮನೆಯವರ ಗುರುತು ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ, ಬರುವವರೆಗೂ ಮೈಗೆ ನೀರು ಹಾಕುತ್ತ ಗಾಳಿ ಬೀಸಿ. ಪ್ಯಾರಾಸಿಟಮಾಲ್ ಈ ಕಾವನ್ನು ಇಳಿಸುವುದಿಲ್ಲ. ಪ್ರಜ್ಞೆ ಮಂದವಾದವರ ಬಾಯಿಗೆ ನೀರು ಹಾಕಬೇಡಿ.

ಚಳಿಗೂ ಇದೇ ಮಾತು. ಸ್ನಾಯು ಕರಗಿದ ಮೈಯಲ್ಲಿ ಹುಟ್ಟುವ ಶಾಖವೇ ಕಡಿಮೆ, ನಡುಕವೂ ದುರ್ಬಲ. ತಣ್ಣೀರು ಬಿದ್ದೊಡನೆ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ. ಹೃದಯಾಘಾತ, ಪಾರ್ಶ್ವವಾಯು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ವ್ರತವೆಂದು ಮಾಡುತ್ತಿದ್ದರೆ ಅದನ್ನು ಬಿಡಿಸಬೇಡಿ, ಬಿಸಿಲೇರಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಮಾಡಲು ಒಪ್ಪಿಸಿ. ಇನ್ನೊಂದು ವಿಷಯ: ಮನೆಯಲ್ಲಿರುವ ಹಳೆಯ ಗಾಜಿನ ಜ್ವರದ ಥರ್ಮಾಮೀಟರ್ ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗಿನದನ್ನು ತೋರಿಸುವುದೇ ಇಲ್ಲ, ಅಪಾಯಕಾರಿ ಮೈತಂಪು ಶುರುವಾಗುವುದು ಅದರ ಕೆಳಗೆ. ಡಿಸೆಂಬರ್ ಬೆಳಿಗ್ಗೆ ಅವರು ಮಂಕಾಗಿ, ತೂಕಡಿಸುತ್ತಿದ್ದು, ಬಟ್ಟೆಯೊಳಗಿನ ಹೊಟ್ಟೆಯ ಚರ್ಮವೂ ತಣ್ಣಗಿದ್ದರೆ, ಜ್ವರವಿಲ್ಲವೆಂದು ಸಮಾಧಾನಪಡದೆ ಕಂಬಳಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.