ಬಕೆಟ್ ಇಳಿಸಿದರೆ ಗಾಡಿಯೇ ಎದ್ದು ನಿಲ್ಲುತ್ತೆ! – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 1:14 ಅಳತೆಯಲ್ಲಿ ರಿಮೋಟ್ ಎಕ್ಸ್‌ಕವೇಟರ್ (ಮಣ್ಣು ಅಗೆಯುವ ಯಂತ್ರದ ಮಾಡೆಲ್) ಮಾಡಿದ್ದೇನೆ. ಟೇಬಲ್ ಮೇಲೆ ಎಲ್ಲ ಚೆನ್ನಾಗಿ ಓಡುತ್ತದೆ. ಹೊರಗೆ ನಿಜವಾದ ಮಣ್ಣಿಗೆ ಬಕೆಟ್ ಒತ್ತಿದರೆ ಮಾತ್ರ ಬಕೆಟ್ ಇಳಿಯುವುದಿಲ್ಲ, ಗಾಡಿಯ ಮುಂಭಾಗ ಮೇಲೇಳುತ್ತದೆ. ಇನ್ನೂ ದೊಡ್ಡ ಮೋಟಾರ್ ಹಾಕಲೇ?

ಉತ್ತರ: ಬೇಡ. ದೊಡ್ಡ ಮೋಟಾರ್ ಹಾಕಿದರೆ ಗಾಡಿ ಇನ್ನೂ ಜೋರಾಗಿ ಮೇಲೇಳುತ್ತದೆ, ಅಷ್ಟೇ. ನಿಮಗೆ ಕಮ್ಮಿ ಬಿದ್ದಿರುವುದು ತೂಕ.

ಲೆಕ್ಕ ನೋಡಿ. ಉದ್ದ 14ನೇ ಒಂದು ಪಾಲಾದಾಗ ಅಗಲ, ಎತ್ತರವೂ ಹಾಗೇ ಆಗುತ್ತವೆ, ಅಂದರೆ ತೂಕ 14×14×14, ಅಂದರೆ 2744ನೇ ಒಂದು ಪಾಲಿಗೆ ಇಳಿಯುತ್ತದೆ. 22 ಟನ್ನಿನ ಯಂತ್ರ 8 ಕೆಜಿ ಆಯಿತು. ಅದೂ ಎಲ್ಲವನ್ನೂ ಅಸಲಿನಂತೆ ಉಕ್ಕಿನಲ್ಲೇ ಮಾಡಿದ್ದರೆ. ಪ್ಲಾಸ್ಟಿಕ್ ಆದರೆ ಇನ್ನೂ ಹಗುರ. ಆದರೆ ಮಣ್ಣು? ಅದು ಇದ್ದ ಹಾಗೇ ಇದೆ. ಮಣ್ಣಿನ ಅಂಟು ನಿಂತಿರುವುದು ಕತ್ತರಿಸುವ ಜಾಗದ ವಿಸ್ತೀರ್ಣದ ಮೇಲೆ, ಅದು ಇಳಿಯುವುದು ಬರೀ 14×14, ಅಂದರೆ 196ನೇ ಒಂದು ಪಾಲಿಗೆ. ಹೀಗಾಗಿ ನಿಮ್ಮ ಗಾಡಿಯ ತೂಕಕ್ಕೆ ಹೋಲಿಸಿದರೆ ಅದೇ ಮಣ್ಣು 14 ಪಟ್ಟು ಜಾಸ್ತಿ ಅಂಟು. ಗಟ್ಟಿ ಜೇಡಿಮಣ್ಣು ಅದರ ಪಾಲಿಗೆ ಬಂಡೆಯೇ ಅಲ್ವಾ?

ಆದ್ದರಿಂದ ಮೊದಲು ಮಣ್ಣು ಬದಲಿಸಿ. ಜರಡಿ ಹಿಡಿದ ಸಣ್ಣ ಮರಳಿಗೆ ಚೂರೇ ಚೂರು ನೀರು ಚಿಮುಕಿಸಿ. ಗುಂಡಿಯ ಗೋಡೆ ನಿಲ್ಲುತ್ತದೆ, ಬಕೆಟ್ ಹಲ್ಲಿನ ಗೆರೆಗಳೂ ಕಾಣುತ್ತವೆ, ನೋಡೋಕೂ ಚೆಂದ. ಆಮೇಲೆ ತೂಕ. ಎಲ್ಲರೂ ಸಮತೋಲಕ್ಕೆ ಹಿಂದೆ ಕೂರಿಸುವ ತೂಕಕ್ಕೆ, ಅಂದರೆ ಕೌಂಟರ್‌ವೇಟ್‌ಗೇ ಸೀಸ ತುಂಬುತ್ತಾರೆ. ಬಕೆಟ್ ತುಂಬಿಕೊಂಡು ಎತ್ತುವಾಗ ಅದು ಬೇಕೇ ಬೇಕು, ಆದರೆ ಸ್ವಲ್ಪ ತೂಕವನ್ನು ಕೆಳಗೆ, ಎರಡು ಚೈನ್‌ಗಳ ನಡುವಿನ ಚಾಸಿಗೂ ಹಾಕಿ. ಬಕೆಟ್ ಕೂಡ ಅಗಲ ಕಮ್ಮಿ ಇರುವುದನ್ನು ಹಾಕಿ ನೋಡಿ.

ಇನ್ನು ಅಗೆಯುವ ರೀತಿ. ಅಸಲಿ ಆಪರೇಟರ್ ಬೂಮಿನಿಂದ, ಅಂದರೆ ಗಾಡಿಗೆ ಸೇರಿದ ದೊಡ್ಡ ತೋಳಿನಿಂದ, ನೇರ ಕೆಳಗೆ ಒತ್ತುತ್ತಾ ಕೂರುವುದಿಲ್ಲ. ಹಲ್ಲನ್ನು ಓರೆಯಾಗಿ ಮಣ್ಣಿಗೆ ತಾಗಿಸಿ, ಮುಂದಿನ ತೋಳನ್ನು ತನ್ನ ಕಡೆಗೆ ಎಳೆಯುತ್ತಾ, ಬಕೆಟ್ ಮಡಚುತ್ತಾ, ತೆಳ್ಳಗೆ ಒಂದು ಪದರ ಕೆರೆದುಕೊಂಡು ಬರುತ್ತಾನೆ. ನೀವೂ ಹಾಗೇ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ತೋಳು ಆಡಿಸಲು ನಿಜವಾದ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ತಳ್ಳುವುದು) ಒಳ್ಳೆಯದೋ, ಸ್ಕ್ರೂ ತಿರುಗಿಸುವ ಮೋಟಾರ್ ಒಳ್ಳೆಯದೋ?

ಉತ್ತರ: ಮೊದಲ ಮಾಡೆಲ್ ಆದರೆ ಸ್ಕ್ರೂ, ಕಣ್ಣು ಮುಚ್ಚಿಕೊಂಡು. ಸೋರುವುದಿಲ್ಲ, ಕರೆಂಟ್ ನಿಲ್ಲಿಸಿದರೂ ಬೂಮ್ ಇದ್ದಲ್ಲೇ ನಿಲ್ಲುತ್ತದೆ. ಮರಳು ಥ್ರೆಡ್‌ಗೆ ಹೋಗದಂತೆ ಮುಚ್ಚಿಗೆ ಮಾಡಿ, ಸಾಕು.

ಆದರೂ ಹೈಡ್ರಾಲಿಕ್ ಗತ್ತೇ ಬೇರೆ, ಒಪ್ಪಿಕೊಳ್ಳಬೇಕು. ಅಸಲಿ ಯಂತ್ರ 350 ಬಾರ್ (1 ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ; ಮಾಡೆಲ್‌ಗೆ 20 ಬಾರ್ ಕೊಟ್ಟರೂ ಒಳವ್ಯಾಸ 12 ಮಿಮೀ ಇರುವ ಪುಟ್ಟ ಸಿಲಿಂಡರ್ ಸುಮಾರು 23 ಕೆಜಿ ಭಾರದಷ್ಟು ತಳ್ಳುತ್ತದೆ. ಅದಕ್ಕೇ ರಿಲೀಫ್ ವಾಲ್ವ್ (ಒತ್ತಡ ಮೀರಿದರೆ ಎಣ್ಣೆಯನ್ನು ಹೊರಬಿಡುವ ವಾಲ್ವ್) ಇಲ್ಲದೆ ಪಂಪ್ ಚಾಲೂ ಮಾಡಲೇಬೇಡಿ. ಸಿಲಿಂಡರ್ ಕೊನೆ ಮುಟ್ಟಿದಾಗ ಎಣ್ಣೆಗೆ ಹೋಗಲು ದಾರಿ ಇಲ್ಲದಿದ್ದರೆ ಪೈಪ್ ಕಿತ್ತುಕೊಳ್ಳುತ್ತದೆ, ಇಲ್ಲ ಮೋಟಾರ್ ಸುಡುತ್ತದೆ. ಇನ್ನೊಂದು ಮಾತು: ಒಂದೇ ಪಂಪಿನಿಂದ ಎರಡು ಸಿಲಿಂಡರ್ ಒಟ್ಟಿಗೆ ಓಡಿಸಿದರೆ ಎಣ್ಣೆ ಭಾರ ಕಮ್ಮಿ ಇರುವ ಕಡೆಗೇ ಹರಿಯುತ್ತದೆ. ಬಕೆಟ್ ಓಡುತ್ತದೆ, ಬೂಮ್ ನಿಲ್ಲುತ್ತದೆ. ಅದು ಕೆಟ್ಟಿದೆ ಅಂದುಕೊಂಡು ಬಿಚ್ಚಬೇಡಿ, ಭಾರ ಜಾಸ್ತಿ ಇರುವ ಕಡೆಯ ಲಿವರ್ ಪೂರ್ತಿ ತೆರೆದು ಇನ್ನೊಂದನ್ನು ಸ್ವಲ್ಪವೇ ತೆರೆಯಿರಿ.

ಪ್ರಶ್ನೆ: ತಿರುಗುವಾಗ ಚೈನ್ ಕಳಚಿಕೊಳ್ಳುತ್ತದೆ.

ಉತ್ತರ: ಸಡಿಲ ಇದೆ. ಮುಂದಿನ ಐಡ್ಲರ್ ಚಕ್ರವನ್ನು (ಮೋಟಾರ್ ಇಲ್ಲದೆ ಚೈನ್ ಜೊತೆ ಸುಮ್ಮನೆ ತಿರುಗುವ ಚಕ್ರ) ಸ್ಪ್ರಿಂಗ್‌ನಿಂದ ಮುಂದಕ್ಕೆ ತಳ್ಳುವಂತೆ ಮಾಡಿ. ನಿಂತಲ್ಲೇ ಗಿರಕಿ ಹೊಡೆಸುವುದನ್ನೂ ಕಮ್ಮಿ ಮಾಡಿ.

ಪ್ರಶ್ನೆ: ಮಗಳ ಶಾಲೆಗೆ ಸಿರಿಂಜ್‌ನಿಂದ ಜೆಸಿಬಿ ತೋಳು ಮಾಡಿದೆವು. ಒತ್ತಿದರೆ ಮೆತ್ತಗೆ ಅನಿಸುತ್ತದೆ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ.

ಉತ್ತರ: ಒಳಗೆ ಗಾಳಿ ಸೇರಿಕೊಂಡಿದೆ. ನೀರು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಬಕೆಟ್ ನೀರಿನಲ್ಲಿ ಎರಡೂ ಸಿರಿಂಜ್, ಪೈಪ್ ಎಲ್ಲ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ಎಳೆದು ಒತ್ತಿ, ನೀರಿನೊಳಗೇ ಜೋಡಿಸಿ. ಕೈಗೆ ಸಣ್ಣ ಸಿರಿಂಜ್, ತೋಳಿಗೆ ದಪ್ಪನೆಯದು ಇರಲಿ. ತೋಳು ಕಮ್ಮಿ ದೂರ ಸರಿಯುತ್ತದೆ, ಆದರೆ ಬಲ ಜಾಸ್ತಿ. ಜಿಗಿತಕ್ಕೆ ಕಾರಣ ರಬ್ಬರ್ ಹಿಡಿದುಕೊಳ್ಳುವುದು, ಅದಕ್ಕೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ. ಅಡುಗೆ ಎಣ್ಣೆ ಬೇಡ, ರಬ್ಬರ್ ಊದಿಕೊಳ್ಳಬಹುದು.

ಪ್ರಶ್ನೆ: ಎಣ್ಣೆ, ಪೈಪ್ ಏನೂ ಇಲ್ಲದೆ ನಿಜವಾಗಿ ಅಗೆಯುವ ಯಂತ್ರ ಮಾಡಬಹುದೇ?

ಉತ್ತರ: ಡ್ರ್ಯಾಗ್‌ಲೈನ್ ಮಾಡಿ, ಅಂದರೆ ಹಗ್ಗದಿಂದ ಬಕೆಟ್ ಎಳೆದು ಅಗೆಯುವ ಯಂತ್ರ! ಅಮೆರಿಕದ ಓಹಿಯೋದಲ್ಲಿ 1969ರಿಂದ 1991ರ ತನಕ ಕಲ್ಲಿದ್ದಲ ಮೇಲಿನ ಮಣ್ಣು ತೆಗೆದ 'ಬಿಗ್ ಮಸ್ಕಿ' ಇದೇ ಜಾತಿಯದು. ಅದರ ಬಕೆಟ್ ಒಂದೇ ಸಲಕ್ಕೆ ಸುಮಾರು 168 ಘನ ಮೀಟರ್ ಹಿಡಿಯುತ್ತಿತ್ತು, ಅಗೆಯುವ ಕೆಲಸ ಮಾತ್ರ ಎಲ್ಲ ಉಕ್ಕಿನ ಹಗ್ಗದ್ದೇ.

ನಿಮಗೆ ಬೇಕಾಗುವುದು ಉದ್ದನೆಯ ಬೂಮ್, ಹಗ್ಗ ಸುತ್ತುವ ಎರಡು ಡ್ರಮ್, ಸುತ್ತ ತಿರುಗಿಸಲು ಒಂದು ಮೋಟಾರ್. ಒಂದು ಹಗ್ಗ ಬಕೆಟ್ ಎತ್ತುತ್ತದೆ, ಇನ್ನೊಂದು ಗಾಡಿಯ ಕಡೆಗೆ ಎಳೆಯುತ್ತದೆ. ಹೆಣೆದ ಮೀನು ಹಿಡಿಯುವ ದಾರ ಸಾಕು. ಬಕೆಟ್ ಮಾತ್ರ ಹಿತ್ತಾಳೆ ಅಥವಾ ಉಕ್ಕಿನದಿರಲಿ, ಯಾಕಂದರೆ ಇಲ್ಲಿ ಒತ್ತುವವರು ಯಾರೂ ಇಲ್ಲ, ತನ್ನ ಭಾರದಿಂದಲೇ ಅದು ಕಚ್ಚಬೇಕು. ಹಗುರ ಇದ್ದರೆ ಸುಮ್ನೆ ಮೇಲೆ ಜಾರಿಕೊಂಡು ಬರುತ್ತದೆ.

ಚಂದ ಇರುವುದು ಮೂರನೇ ಗಿಡ್ಡ ಹಗ್ಗದಲ್ಲಿ. ಎಳೆಯುವ ಹಗ್ಗದ ತುದಿಯಿಂದ ಹೊರಟು, ಬಕೆಟ್ ಮೇಲೆ ತೂಗುವ ರಾಟೆ ಬಳಸಿ, ಬಕೆಟ್ ಬಾಯಿಯ ಕಮಾನಿಗೆ ಬರುತ್ತದೆ. ಎಳೆಯುವ ಹಗ್ಗ ಬಿಗಿ ಇರುವ ತನಕ ಬಕೆಟ್ ಬಾಯಿ ಮೇಲೆ. ಸಡಿಲ ಬಿಟ್ಟರೆ ಬಾಯಿ ಕೆಳಗಾಗಿ ಮಣ್ಣು ಸುರಿಯುತ್ತದೆ. ಅದಕ್ಕೆ ಬೇರೆ ಮೋಟಾರೇ ಬೇಕಿಲ್ಲ. ಈ ಹಗ್ಗ ಉದ್ದವಾದರೆ ಎತ್ತುತ್ತಿದ್ದಂತೆಯೇ ಮಣ್ಣು ಚೆಲ್ಲುತ್ತದೆ, ಗಿಡ್ಡವಾದರೆ ಅಗೆಯುವಾಗ ಹಲ್ಲು ನೆಲ ಬಿಟ್ಟು ಎದ್ದಿರುತ್ತದೆ. ಹಾಗಾಗಿ ಮಣ್ಣು ತುಂಬಿಸಿ, ಎತ್ತಿ, ಸುರಿದು ನೋಡುವ ತನಕ ಆ ಗಂಟಿಗೆ ಅಂಟು ಹಾಕಬೇಡಿ.