ಕಾಯಿಲೆಗೂ ಕ್ಯೂರ್, ತಾರಸಿಗೂ ಕ್ಯೂರ್!

ಪ್ರಶ್ನೆ: ಮನೆಗೆ ತಾರಸಿ ಹಾಕಿಸಿದ್ದೇವೆ. ಮೇಸ್ತ್ರಿ ದಿನಾ 'ಕ್ಯೂರಿಂಗ್ ಬಿಡಬೇಡಿ' ಅಂತಾರೆ. ಕಾಫಿಗೂ ಕ್ಯೂರಿಂಗ್ ಇದೆ, ಕಾಯಿಲೆಗೂ ಕ್ಯೂರ್ ಇದೆ. ಎಲ್ಲ ಒಂದೇ ಪದವೇ? ಮಗಳಿಗೆ 'ಕ್ಯೂರ್', 'ಟ್ರೀಟ್' ಎರಡರ ವ್ಯತ್ಯಾಸವೂ ಬೇಕಂತೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಒಂದೇ ಪದ. ಮೂಲ ಲ್ಯಾಟಿನ್‌ನ 'ಕೂರಾ', ಅಂದರೆ ಆರೈಕೆ, ನಿಗಾ. ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಆರೈಕೆ ಫಲಿಸಿ ಕಾಯಿಲೆ ವಾಸಿಯಾದರೆ ಅದು ಕ್ಯೂರ್. ಮುಂದೆ 17ನೇ ಶತಮಾನದಲ್ಲಿ ಮೀನು, ಮಾಂಸಕ್ಕೆ ಉಪ್ಪು ಹಾಕಿ ಕೆಡದಂತೆ ಇಡುವುದಕ್ಕೂ ಇದನ್ನೇ ಬಳಸಿದರು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ಸಿಪ್ಪೆ ಬಿಡಿಸಿ, ಗ್ರೇಡ್ ಮಾಡುವ ಕೆಲಸಕ್ಕೂ ಹೆಸರು ಬಂದಿದ್ದು ಈ ಕವಲಿನಿಂದಲೇ.

ನಿಮ್ಮ ಮೇಸ್ತ್ರಿಯ ಮಾತಂತೂ ಮೂಲದ ಅರ್ಥಕ್ಕೆ ತೀರಾ ಹತ್ತಿರ. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟ್ ನೀರಿನ ಜೊತೆ ಕೂಡಿಕೊಂಡು. ಬೇಗ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ, ಬಲವೂ ಬರುವುದಿಲ್ಲ. ಅದಕ್ಕೇ ಸುತ್ತ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಕಂಬಕ್ಕೆ ಗೋಣಿತಾಟು ಸುತ್ತಿ ನೆನೆಸುವುದು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆಸಿದ ಮಿಶ್ರ ಸಿಮೆಂಟಿಗೆ 10 ದಿನ ಎನ್ನುತ್ತದೆ ಭಾರತೀಯ ಮಾನಕ. ದಯವಿಟ್ಟು ಒಂದು ದಿನವೂ ತಪ್ಪಿಸಬೇಡಿ.

ಇನ್ನು ಮಗಳ ಪ್ರಶ್ನೆ. ಇದು ನಿಜಕ್ಕೂ ಮುಖ್ಯ. 'ಟ್ರೀಟ್' ಅಂದರೆ ಚಿಕಿತ್ಸೆ ಕೊಡುವುದು, 'ಕ್ಯೂರ್' ಅಂದರೆ ಕಾಯಿಲೆಯನ್ನು ಪೂರ್ತಿ ಹೋಗಲಾಡಿಸುವುದು. ನಮ್ಮ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರದ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ಡ್ರಿಪ್ ಹಾಕಿ, ಜ್ವರ ಇಳಿಸಿ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ, ಹೆಚ್ಚಿನವರು ಗುಣವಾಗುತ್ತಾರೆ. ಇಲ್ಲಿ ವೈದ್ಯರು ಮಾಡಿದ್ದು 'ಟ್ರೀಟ್', ರೋಗಿ ಚೇತರಿಸಿಕೊಂಡಿದ್ದು 'ರಿಕವರ್'. 'ಡಾಕ್ಟರ್ ಈಸ್ ಕ್ಯೂರಿಂಗ್ ಮೈ ಮದರ್' ಎಂದು ಬರೆಯುವ ಮಕ್ಕಳು ಬಹಳ. ಚಿಕಿತ್ಸೆ ನಡೆಯುತ್ತಿದ್ದರೆ ಅದು 'ಟ್ರೀಟಿಂಗ್' ಆಗಬೇಕು. ಗಾಯ ಮಾಯುವುದಕ್ಕೆ 'ಹೀಲ್'.

'ಕ್ಯೂರ್ಡ್ ಫ್ರಮ್' ತಪ್ಪು, 'ಕ್ಯೂರ್ಡ್ ಆಫ್ ಮಲೇರಿಯಾ' ಸರಿ. 'ಸೆಕ್ಯೂರ್', 'ಅಕ್ಯುರೇಟ್', 'ಮ್ಯಾನಿಕ್ಯೂರ್' ಎಲ್ಲ ಇದೇ ಬಳಗದವು. ಆದರೆ 'ಕೇರ್' ಮಾತ್ರ ಅಲ್ಲ: ಅದು ಇಂಗ್ಲಿಷಿನದೇ ಹಳೆಯ ಪದ, ಮೊದಲ ಅರ್ಥ ದುಃಖ, ಚಿಂತೆ.